ಪೋಲೆಂಡಿನ ವುಚ್ ನಗರದಲ್ಲಿ ಇಂಗ್ಲಿಷ್ ಕಲಿಸಲು ಹೊರಡುವ ಮುನ್ನ: ಒಂದು ಸಮಗ್ರ ಮಾರ್ಗದರ್ಶಿ

ಪೋಲೆಂಡಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಬ್ರಿಟನ್, ಐರ್ಲೆಂಡ್ ಅಥವಾ ಅಮೆರಿಕದ ಪಾಸ್‌ಪೋರ್ಟ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವರು ವೀಸಾ ಇಲ್ಲದೆ ಬಂದಿಳಿದು, ಊರು ನೋಡಿ, ನಾಲ್ಕು ಶಾಲೆಗಳ ಬಾಗಿಲು ತಟ್ಟಿ, ಒಪ್ಪಿಗೆಯಾದ ಕಡೆ ಕೆಲಸ ಗೊತ್ತುಮಾಡಿಕೊಳ್ಳಬಹುದು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಈ ಕ್ರಮ ಪೂರ್ತಿ ತಿರುವುಮುರುವಾಗಿರುತ್ತದೆ. ಕೆಲಸ ಮಾಡುವ ಕಾನೂನುಬದ್ಧ ಹಕ್ಕು ಯಾವ ಕಾಗದದಿಂದ ಬರುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಶಾಲೆ, ಮನೆ, ವಿಮಾನದ ಟಿಕೆಟ್ ಎಲ್ಲವೂ ಅದರ ನಂತರದವು. ಕಲಿಸುವ ಸಾಮರ್ಥ್ಯ ಎಷ್ಟೇ ಇದ್ದರೂ, ಕರಾರಿನ ಸ್ವರೂಪ ತಪ್ಪಾಗಿದ್ದರೆ ಮೊದಲ ವರ್ಷವೇ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಪಾಠದ ವಿಧಾನಕ್ಕಿಂತ ಕರಾರಿಗೆ ಹೆಚ್ಚು ಜಾಗ ಕೊಡಲಾಗಿದೆ.

ಊರಿನ ಆಯ್ಕೆ

ವಾರ್ಸಾ ಮತ್ತು ಕ್ರಾಕುವ್ ನಗರಗಳಲ್ಲಿ ಭಾಷಾಶಾಲೆಗಳು ಹೆಚ್ಚು, ಅಭ್ಯರ್ಥಿಗಳೂ ಹೆಚ್ಚು, ಮನೆಬಾಡಿಗೆಯಂತೂ ಇನ್ನೂ ಹೆಚ್ಚು. ನಮ್ಮವರು ವುಚ್ ನಗರವನ್ನು ಪರಿಶೀಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ನಕಾಶೆಗಳಲ್ಲಿ ಇದರ ಹೆಸರನ್ನು ಓದಿ ನಮ್ಮವರು ಲೋಡ್ಜ್ ಎನ್ನುವುದುಂಟು. ಸ್ಥಳೀಯರು ಹೇಳುವುದು ವುಚ್ ಎಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆ ಗಿರಣಿಗಳಿಂದ ಬೆಳೆದ, ಪೋಲೆಂಡಿನ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. 1990ರ ದಶಕದಲ್ಲಿ ಗಿರಣಿಗಳು ಮುಚ್ಚಿ ಜನಸಂಖ್ಯೆ ಕುಸಿಯಿತು. ಎಂಟು ಲಕ್ಷ ಮೀರಿದ್ದ ಊರಿನಲ್ಲಿ ಈಗ ಸುಮಾರು ಆರೂವರೆ ಲಕ್ಷ ಜನರಿದ್ದಾರೆ. ಕೆಂಪು ಇಟ್ಟಿಗೆಯ ಹಳೆಯ ಗಿರಣಿಯೊಂದು 2006ರಲ್ಲಿ ಮನುಫಕ್ತೂರಾ ಎಂಬ ದೊಡ್ಡ ವ್ಯಾಪಾರ ಕೇಂದ್ರವಾಯಿತು. ಉಳಿದ ಗಿರಣಿಗಳ ಜಾಗವನ್ನು ಲೆಕ್ಕಪತ್ರ, ತಂತ್ರಾಂಶ ಮತ್ತು ಗ್ರಾಹಕ ಸೇವೆಯ ಕಚೇರಿಗಳು ಒಂದೊಂದಾಗಿ ತುಂಬುತ್ತಿವೆ. 2007ರಲ್ಲಿ ಫಿಲಿಪ್ಸ್ ಕಂಪನಿಯ ಸೇವಾ ಕೇಂದ್ರವನ್ನು ವಹಿಸಿಕೊಂಡು ಇಲ್ಲಿಗೆ ಬಂದ ಇನ್ಫೋಸಿಸ್‌ನ ಬಿಪಿಓ ಘಟಕ ಅವುಗಳಲ್ಲಿ ಒಂದು; ಬೆಂಗಳೂರಿಗೂ ಈ ಊರಿಗೂ ಇರುವ ನೇರ ನಂಟು ಅದು.

ಈ ಕಚೇರಿಗಳು ಮುಖ್ಯವಾಗುವುದಕ್ಕೆ ಕಾರಣವಿದೆ. ಪೋಲೆಂಡಿನ ಯುವಜನ ಈಗಾಗಲೇ ಚೆನ್ನಾಗಿ ಇಂಗ್ಲಿಷ್ ಬಲ್ಲವರು. ಅಕ್ಷರಾಭ್ಯಾಸದಿಂದ ಆರಂಭಿಸುವ ಪಾಠಕ್ಕೆ ಅಲ್ಲಿ ಹೊರಗಿನವರು ಬೇಕಾಗಿಲ್ಲ. ಬೇಡಿಕೆ ಇರುವುದು ಮೂರು ಕಡೆ: ಕಚೇರಿ ನೌಕರರಿಗೆ ವ್ಯವಹಾರದ ಇಂಗ್ಲಿಷ್, ಎಂಟನೆಯ ತರಗತಿಯ ಪರೀಕ್ಷೆ ಮತ್ತು ಮತೂರಾ ಎಂಬ ಶಾಲಾಂತ್ಯ ಪರೀಕ್ಷೆಗೆ ತಯಾರಿ, ಹಾಗೂ ಖಾಸಗಿ ದ್ವಿಭಾಷಾ ಶಿಶುವಿಹಾರಗಳು. ಮೊದಲನೆಯದರಲ್ಲಿ ಬೆಂಗಳೂರಿನ ಕಂಪನಿಗಳಲ್ಲಿ ದುಡಿದ ಅನುಭವವಿರುವವರಿಗೆ ನಿಜವಾದ ಅನುಕೂಲವಿದೆ, ಏಕೆಂದರೆ ಅಲ್ಲಿನ ನೌಕರರು ದಿನನಿತ್ಯ ದೂರವಾಣಿಯಲ್ಲಿ ಮಾತಾಡುವವರಲ್ಲಿ ಭಾರತೀಯರೂ ಇರುತ್ತಾರೆ.

ಕೆಲಸದ ಹಕ್ಕು ಮತ್ತು ಕರಾರು

ಪೋಲೆಂಡಿನಲ್ಲಿ ಕೆಲಸದ ಕರಾರುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಉಮೋವಾ ಓ ಪ್ರಾತ್ಸೆ, ಅಂದರೆ ರಜೆ, ಕಾಯಿಲೆಯ ಭತ್ಯೆ, ನೋಟಿಸ್ ಅವಧಿ ಎಲ್ಲವೂ ಇರುವ ಪೂರ್ಣ ಉದ್ಯೋಗ ಕರಾರು. ಎರಡನೆಯದು ಉಮೋವಾ ಜ್ಲೆತ್ಸೆನ್ಯೆ. ಇದು ಗಂಟೆ ಲೆಕ್ಕದ ಸೇವಾ ಕರಾರು. ಇದರಲ್ಲಿ ಸಾಮಾಜಿಕ ವಿಮೆ ಕಡಿತವಾಗುತ್ತದೆ, ಆದರೆ ಸಂಬಳಸಹಿತ ರಜೆಯ ಖಾತರಿ ಇಲ್ಲ. ಮೂರನೆಯದನ್ನು ಎಲ್ಲರೂ ಬಿ-ಟು-ಬಿ ಎನ್ನುತ್ತಾರೆ: ಶಿಕ್ಷಕರು ತಮ್ಮ ಹೆಸರಿನಲ್ಲೇ ಏಕವ್ಯಕ್ತಿ ಉದ್ಯಮ ನೋಂದಾಯಿಸಿ, ತಿಂಗಳ ಕೊನೆಗೆ ಶಾಲೆಗೆ ಬಿಲ್ ಕೊಡುವ ವ್ಯವಸ್ಥೆ. ಶಾಲೆಗೆ ಅಗ್ಗವಾಗುವುದರಿಂದ ಅನೇಕ ಭಾಷಾಶಾಲೆಗಳು ಮೂರನೆಯದನ್ನೇ ಮುಂದಿಡುತ್ತವೆ, ಗಂಟೆಯ ದರವನ್ನೂ ಅದಕ್ಕೆ ತಕ್ಕಂತೆ ಆಕರ್ಷಕವಾಗಿ ಹೇಳುತ್ತವೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಕೆಲಸದ ವೀಸಾದ ಮೇಲೆ ಹೊಸದಾಗಿ ಬಂದವರಿಗೆ ಏಕವ್ಯಕ್ತಿ ಉದ್ಯಮ ತೆರೆಯಲು ಸಾಮಾನ್ಯವಾಗಿ ಅವಕಾಶವಿಲ್ಲ. ಶಾಶ್ವತ ವಾಸದ ಅನುಮತಿ ಇರುವವರು, ಪೋಲಿಷ್ ಪ್ರಜೆಯನ್ನು ಮದುವೆಯಾಗಿ ಅದರ ಆಧಾರದ ಮೇಲೆ ವಾಸಿಸುತ್ತಿರುವವರು ಮೊದಲಾದ ಕೆಲವು ವರ್ಗಗಳಿಗೆ ಮಾತ್ರ ಆ ಹಕ್ಕಿದೆ. ಆದ್ದರಿಂದ ಬಿ-ಟು-ಬಿ ಮಾತ್ರ ಎಂದಿರುವ ಜಾಹೀರಾತುಗಳನ್ನು ದರ ನೋಡಿ ಮರುಳಾಗದೆ ಪಕ್ಕಕ್ಕಿಡಬೇಕು.

ಮನೆಪಾಠವೂ ಇದೇ ಬಲೆಯೊಳಗಿದೆ. ಕೊರೆಪೆತಿತ್ಸ್ಯೆ ಎಂಬ ಖಾಸಗಿ ಪಾಠಗಳ ಮಾರುಕಟ್ಟೆ ಪೋಲೆಂಡಿನಲ್ಲಿ ಬಹಳ ದೊಡ್ಡದು, ದರವೂ ಶಾಲೆಯ ದರಕ್ಕಿಂತ ಮೇಲು. ಸಣ್ಣ ಆದಾಯವಿರುವವರು ನೋಂದಣಿಯಿಲ್ಲದೆ ಇದನ್ನು ನಡೆಸಲು ಕಾನೂನು ಅವಕಾಶ ಕೊಡುತ್ತದೆ ಎಂದು ಸಹೋದ್ಯೋಗಿಗಳು ಹೇಳುವುದೂ ನಿಜ. ಆದರೆ ಆ ಸೌಲಭ್ಯ ಉದ್ಯಮ ತೆರೆಯುವ ಹಕ್ಕಿರುವವರಿಗೆ ಮಾತ್ರ. ಒಂದು ಶಾಲೆಯ ಹೆಸರಿನಲ್ಲಿ ಕೆಲಸದ ಅನುಮತಿ ಪಡೆದು ಸಂಜೆ ಮನೆಮನೆಗೆ ಹೋಗಿ ಪಾಠ ಹೇಳಿ ಹಣ ಪಡೆದರೆ, ಮುಂದೆ ವಾಸದ ಅನುಮತಿ ಕೇಳುವ ಹೊತ್ತಿಗೆ ಅದು ತೊಡಕಾಗಬಹುದು.

ಹಾಗಾದರೆ ಉಳಿಯುವ ದಾರಿಗಳು ಯಾವುವು? ಮೊದಲನೆಯದು ಕೆಲಸದ ಅನುಮತಿ. ಇದಕ್ಕೆ ಅರ್ಜಿ ಹಾಕುವವರು ಉದ್ಯೋಗದಾತರು, ಅಭ್ಯರ್ಥಿಯಲ್ಲ. ಅನುಮತಿ ಕೊಡುವವರು ಪ್ರಾಂತ್ಯದ ಮುಖ್ಯಾಧಿಕಾರಿಯಾದ ವೊಯೆವೊದಾ. 2025ರ ಜೂನ್ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ಅರ್ಜಿ ಸರ್ಕಾರದ ಜಾಲತಾಣದ ಮೂಲಕವೇ ಹೋಗಬೇಕು. ಸ್ಥಳೀಯ ಅಭ್ಯರ್ಥಿ ಸಿಗಲಿಲ್ಲ ಎಂದು ಮೊದಲೇ ಪ್ರಮಾಣೀಕರಿಸುವ ಹಳೆಯ ಕ್ರಮ ರದ್ದಾಗಿದೆ. ಕೆಲಸ ಆರಂಭವಾಗುವ ಮುನ್ನ ಕರಾರಿನ ಪ್ರತಿಯನ್ನು ಉದ್ಯೋಗದಾತರು ಅದೇ ತಾಣಕ್ಕೆ ಸಲ್ಲಿಸಬೇಕು. ಉಕ್ರೇನ್ ಮೊದಲಾದ ಕೆಲವು ನೆರೆ ದೇಶಗಳವರಿಗೆ ಉದ್ಯೋಗದಾತರ ಸರಳ ಘೋಷಣೆ ಸಾಕಾಗುತ್ತದೆ, ಭಾರತೀಯರಿಗೆ ಆ ಸೌಲಭ್ಯವಿಲ್ಲ. ಆ ಘೋಷಣೆ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವ ಏಜೆಂಟರನ್ನು ಅಲ್ಲಿಂದಲೇ ಗುರುತಿಸಬಹುದು.

ಎರಡನೆಯದು ವಿನಾಯಿತಿಯ ದಾರಿ. ಶಿಕ್ಷಣ ಕಾನೂನಿನ ಅಡಿಯಲ್ಲಿ ಬರುವ ಶಿಶುವಿಹಾರ ಮತ್ತು ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೆಲಸದ ಅನುಮತಿ ಬೇಡವೆಂಬ ವಿನಾಯಿತಿಯನ್ನು ಕಾರ್ಮಿಕ ಸಚಿವಾಲಯದ 2015ರ ನಿಯಮ ಕೊಟ್ಟಿತ್ತು; ಅದು ಈಗಲೂ ಅನ್ವಯಿಸುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇಲ್ಲಿ ಎಚ್ಚರಿಕೆ ಬೇಕಾದದ್ದು ಸಂಸ್ಥೆಯ ಸ್ವರೂಪದ ಬಗ್ಗೆ. ಹೆಸರಿನಲ್ಲಿ ಶಾಲೆ ಎಂದಿದ್ದರೂ ಸಂಜೆ ತರಗತಿ ನಡೆಸುವ ಅನೇಕ ಭಾಷಾಶಾಲೆಗಳು ಕಾನೂನಿನ ಕಣ್ಣಿನಲ್ಲಿ ಬರೀ ವಾಣಿಜ್ಯ ಕಂಪನಿಗಳು. ತನ್ನ ನೇಮಕಾತಿ ಯಾವ ಕಾನೂನಿನ ಯಾವ ಆಧಾರದ ಮೇಲೆ ಎಂದು ಶಾಲೆಯಿಂದ ಲಿಖಿತ ಉತ್ತರ ಪಡೆಯುವ ತನಕ ಯಾವ ಕಾಗದಕ್ಕೂ ಸಹಿ ಹಾಕಬಾರದು. ಉತ್ತರ ಕೊಡಲು ಹಿಂದೆಮುಂದೆ ನೋಡುವ ಶಾಲೆ ವೀಸಾದ ಹೊತ್ತಿನಲ್ಲಿಯೂ ಹಾಗೆಯೇ ಮಾಡುತ್ತದೆ ಎಂದು ತಿಳಿಯಬೇಕು.

ಮೂರನೆಯದು ವಿದ್ಯಾರ್ಥಿಯ ದಾರಿ. ಪೋಲೆಂಡಿನಲ್ಲಿ ಪೂರ್ಣಕಾಲಿಕ ಪದವಿ ಓದುವವರು ಆ ಉದ್ದೇಶದ ವೀಸಾ ಅಥವಾ ವಾಸದ ಅನುಮತಿ ಇದ್ದರೆ ಕೆಲಸದ ಅನುಮತಿಯಿಲ್ಲದೆ ದುಡಿಯಬಹುದು, ಓದು ಮುಗಿಸಿದವರಿಗೂ ಆ ವಿನಾಯಿತಿ ಇದೆ. ವುಚ್ ವಿಶ್ವವಿದ್ಯಾಲಯ ಮತ್ತು ವುಚ್ ತಾಂತ್ರಿಕ ವಿಶ್ವವಿದ್ಯಾಲಯ ಎರಡರಲ್ಲೂ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಿವೆ. 26 ವರ್ಷ ತುಂಬದ ವಿದ್ಯಾರ್ಥಿ ಸೇವಾ ಕರಾರಿನ ಮೇಲೆ ದುಡಿದರೆ ಸಾಮಾಜಿಕ ವಿಮೆಯ ಕಡಿತವಿಲ್ಲ; ಆ ವಯಸ್ಸಿನವರಿಗೆ ವರ್ಷಕ್ಕೆ 85,528 ಝ್ಲೋಟಿಯವರೆಗೆ (ಝ್ಲೋಟಿ ಪೋಲೆಂಡಿನ ಹಣ) ಆದಾಯ ತೆರಿಗೆಯೂ ಇಲ್ಲ. ಹೀಗಾಗಿ ಶಾಲೆ ಹೇಳಿದ ಮೊತ್ತವೇ ಕೈಗೆ ಸಿಗುತ್ತದೆ. ಆದರೆ ಓದುವ ಮನಸ್ಸಿಲ್ಲದೆ ಕೆಲಸಕ್ಕಾಗಿಯೇ ಈ ದಾರಿ ಹಿಡಿಯುವುದು ಈಗ ಕಷ್ಟ. ಲಂಚ ಪಡೆದು ವೀಸಾ ಕೊಡಿಸಿದ ಆರೋಪದ 2023ರ ಹಗರಣದ ನಂತರ ತಪಾಸಣೆ ಬಿಗಿಯಾಗಿದೆ, 2025ರ ಜುಲೈನಿಂದ ಬೋಧನಾ ಭಾಷೆಯಲ್ಲಿ ಬಿ-2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟದ ಪುರಾವೆಯನ್ನೂ ಕೇಳಲಾಗುತ್ತಿದೆ.

ಅರ್ಹತೆ ಮತ್ತು ಪೂರ್ವಗ್ರಹ

ಒಂದು ಪದವಿ ಮತ್ತು ಸೆಲ್ಟಾ ಅಥವಾ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್-ಟೀಸಾಲ್ ಎಂಬ ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರ ಇದ್ದರೆ ಅರ್ಜಿಯನ್ನು ಗಂಭೀರವಾಗಿ ಓದುತ್ತಾರೆ. ಸೆಲ್ಟಾದ ಕನಿಷ್ಠ 120 ಗಂಟೆಗಳ ತರಬೇತಿಯಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆಗಳ ಪಾಠವಿರುತ್ತದೆ. ಅಂತರ್ಜಾಲದಲ್ಲಿ ವಾರಾಂತ್ಯಕ್ಕೆ ಮುಗಿಯುವ ಅಗ್ಗದ ಟೆಫಲ್ ಪ್ರಮಾಣಪತ್ರಗಳಿಗೆ ಆ ತೂಕವಿಲ್ಲ. ಸರ್ಕಾರಿ ಶಾಲೆಯ ಕಾಯಂ ಹುದ್ದೆಗೆ ಶಿಕ್ಷಣಶಾಸ್ತ್ರದ ಅರ್ಹತೆ, ಪದವಿಯ ಮಾನ್ಯತೆ ಮತ್ತು ಪೋಲಿಷ್ ಭಾಷೆ ಬೇಕಾಗುವುದರಿಂದ ಮೊದಲ ವರ್ಷ ಆ ಯೋಚನೆ ಬೇಡ. ಪದವಿಯ ಮಟ್ಟವನ್ನು ವಿವರಿಸುವ ಪತ್ರವನ್ನು ನಾವಾ ಎಂಬ ರಾಷ್ಟ್ರೀಯ ಶೈಕ್ಷಣಿಕ ವಿನಿಮಯ ಸಂಸ್ಥೆಯಿಂದ ಉಚಿತವಾಗಿ ಪಡೆಯಬಹುದು.

ಇನ್ನೊಂದು ವಿಷಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವವರೇ ಬೇಕು ಎಂಬ ಜಾಹೀರಾತು ಅಲ್ಲಿ ಸಾಮಾನ್ಯ, ಭಾರತೀಯ ಹೆಸರು ಕಂಡೊಡನೆ ಅರ್ಜಿಯನ್ನು ಬದಿಗಿಡುವವರೂ ಇದ್ದಾರೆ. ಅಂಥವರ ಜೊತೆ ವಾದಕ್ಕಿಳಿಯುವುದಕ್ಕಿಂತ ಪರೀಕ್ಷಾ ತಯಾರಿ ಮತ್ತು ಕಚೇರಿ ಇಂಗ್ಲಿಷ್‌ಗೆ ಆದ್ಯತೆ ಕೊಡುವ ಶಾಲೆಗಳಿಗೆ ಬರೆಯುವುದು ಸಮಯದ ಸದುಪಯೋಗ. ಅರ್ಜಿಯ ಜೊತೆ ಐದು ನಿಮಿಷದ ಪಾಠದ ವೀಡಿಯೊ ಕಳಿಸಿದರೆ ಹೆಸರಿಗಿಂತ ಮೊದಲು ದನಿ ಮುಟ್ಟುತ್ತದೆ. ಉಚ್ಚಾರದಲ್ಲಿ ಕನ್ನಡಿಗರು ತಿದ್ದಿಕೊಳ್ಳಬೇಕಾದ ಎರಡು ಅಂಶಗಳಿವೆ: ವಿ ಮತ್ತು ಡಬ್ಲ್ಯು ಎರಡನ್ನೂ ಒಂದೇ ವಕಾರವಾಗಿ ಹೇಳುವುದು, ಎಗ್ ಎಂಬುದನ್ನು ಯೆಗ್ ಎನ್ನುವುದು. ಪ್ರಿಪೋನ್, ಔಟ್ ಆಫ್ ಸ್ಟೇಷನ್, ಕಸಿನ್ ಬ್ರದರ್ ಮುಂತಾದ ನಮ್ಮ ಬಳಕೆಗಳನ್ನೂ ತರಗತಿಯ ಹೊರಗಿಡಬೇಕು. ಪರೀಕ್ಷಕರು ಅವನ್ನು ತಪ್ಪೆಂದೇ ಎಣಿಸುತ್ತಾರೆ.

ಕೆಲಸ ಹುಡುಕುವ ಕಾಲ

ಪೋಲೆಂಡಿನ ಶಾಲಾ ವರ್ಷ ಸೆಪ್ಟೆಂಬರ್ ಮೊದಲಲ್ಲಿ ಆರಂಭವಾಗುತ್ತದೆ, ಭಾಷಾಶಾಲೆಗಳ ತರಗತಿಗಳು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ. ಅಲ್ಲಿನ ಶಾಲೆಗಳು ಮೇ ತಿಂಗಳಿಂದ ಶಿಕ್ಷಕರನ್ನು ಹುಡುಕುತ್ತವೆ. ಆದರೆ ಅನುಮತಿ ಮತ್ತು ವೀಸಾ ಎರಡಕ್ಕೂ ಸೇರಿ ತಿಂಗಳುಗಳೇ ಹಿಡಿಯುವುದರಿಂದ, ಭಾರತದಿಂದ ಹೊರಡುವವರು ಫೆಬ್ರವರಿ ಅಥವಾ ಮಾರ್ಚ್‌ನಲ್ಲೇ ಪತ್ರವ್ಯವಹಾರ ಶುರು ಮಾಡಬೇಕು. ಪ್ರಾತ್ಸುಯ್, ಓಎಲ್‌ಎಕ್ಸ್ ಮೊದಲಾದ ಪೋಲಿಷ್ ತಾಣಗಳಲ್ಲಿ ಲೆಕ್ತೊರ್ ಎಂಬ ಪದ ಕೊಟ್ಟು ಹುಡುಕಿದರೆ ಭಾಷಾಶಾಲೆಗಳ ಹುದ್ದೆಗಳು ಸಿಗುತ್ತವೆ. ಸಂದರ್ಶನದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ: ವಾರಕ್ಕೆ ಖಾತರಿಯ ಗಂಟೆಗಳೆಷ್ಟು, ಒಂದು ಗಂಟೆ ಎಂದರೆ 60 ನಿಮಿಷವೋ 45 ನಿಮಿಷವೋ, ವಿದ್ಯಾರ್ಥಿ ಕೊನೆಗಳಿಗೆಯಲ್ಲಿ ಪಾಠ ರದ್ದು ಮಾಡಿದರೆ ಹಣ ಸಿಗುತ್ತದೆಯೋ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಟ್ರಾಮ್‌ನಲ್ಲಿ ಕಳೆಯುವ ಸಮಯಕ್ಕೆ ಏನು ಲೆಕ್ಕ, ಜುಲೈ ಮತ್ತು ಆಗಸ್ಟ್‌ನಲ್ಲಿ ಏನು. ಕೊನೆಯ ಪ್ರಶ್ನೆಗೆ ಹೆಚ್ಚಿನ ಶಾಲೆಗಳ ಪ್ರಾಮಾಣಿಕ ಉತ್ತರ ಏನೂ ಇಲ್ಲ ಎಂಬುದೇ ಆಗಿರುತ್ತದೆ.

ಭಾರತದಲ್ಲೇ ಮುಗಿಸಬೇಕಾದ ಕಾಗದಪತ್ರ

ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಅನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಆಗಬೇಕು. ಭಾರತ ಮತ್ತು ಪೋಲೆಂಡ್ ಎರಡೂ ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿರುವುದರಿಂದ ಈ ಮುದ್ರೆಗೆ ಅಲ್ಲಿ ಮಾನ್ಯತೆ ಇದೆ. ಪೋಲಿಷ್ ಅನುವಾದವನ್ನು ಅಲ್ಲಿನ ನ್ಯಾಯ ಸಚಿವಾಲಯದ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಬೇಕು; ಬೆಂಗಳೂರಿನ ಯಾವುದೋ ಅನುವಾದ ಕೇಂದ್ರದ ಸೀಲು ಅಲ್ಲಿ ನಡೆಯುವುದಿಲ್ಲ.

ಪೊಲೀಸ್ ನಿರಾಕ್ಷೇಪಣಾ ಪತ್ರವನ್ನು ಅನೇಕರು ಮರೆಯುತ್ತಾರೆ. 2023ರಲ್ಲಿ ಹಿಂಸೆಗೆ ಬಲಿಯಾದ ಬಾಲಕನೊಬ್ಬನ ಹೆಸರಿನಿಂದ ಕಮೀಲೆಕ್ ಕಾನೂನು ಎಂದು ಕರೆಯಲಾಗುವ ಕಾನೂನು 2024ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರೂ ಪೋಲೆಂಡಿನ ಅಪರಾಧ ದಾಖಲೆಯ ಪತ್ರದ ಜೊತೆಗೆ, ತಾವು ಪ್ರಜೆಯಾಗಿರುವ ದೇಶದ ಮತ್ತು ಕಳೆದ 20 ವರ್ಷಗಳಲ್ಲಿ ವಾಸಿಸಿದ ಇತರ ದೇಶಗಳ ಪತ್ರಗಳನ್ನೂ ಕೊಡಬೇಕೆಂದು ಅದು ವಿಧಿಸುತ್ತದೆ. ಕೊಲ್ಲಿ ದೇಶದಲ್ಲೋ ಸಿಂಗಪುರದಲ್ಲೋ ದುಡಿದು ಬಂದವರು ಅಲ್ಲಿಯ ಪತ್ರವನ್ನು ತರಿಸಿಕೊಳ್ಳಲು ಬೇಗನೆ ಆರಂಭಿಸಬೇಕು, ಏಕೆಂದರೆ ಈ ಪಟ್ಟಿಯಲ್ಲಿ ನಿಧಾನವಾಗುವುದು ಅದೇ.

ರಾಷ್ಟ್ರೀಯ ವೀಸಾ, ಅಂದರೆ ಡಿ ವರ್ಗದ ವೀಸಾ, ಗರಿಷ್ಠ ಒಂದು ವರ್ಷದ್ದು. ಪೋಲೆಂಡಿಗೆ ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬಯಿಯಲ್ಲಿ ಕಾನ್ಸುಲೇಟ್ ಇವೆ. ತಮ್ಮ ವಾಸದ ವಿಳಾಸ ಯಾವುದರ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ನೋಡಿಕೊಂಡು, ಸಮಯ ನಿಗದಿ ಮಾಡಿಸಿ, ಬೆರಳಚ್ಚು ಕೊಡಬೇಕು. ಕೆಲಸದ ಅನುಮತಿ ಅಥವಾ ವಿನಾಯಿತಿಯ ಪುರಾವೆ, ಕರಾರು, 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ವಾಸದ ವ್ಯವಸ್ಥೆ, ಹಣದ ಪುರಾವೆ ಇವು ಮುಖ್ಯ. ವೀಸಾ ಅಧಿಕಾರಿ ಮುಖಾಮುಖಿ ಪ್ರಶ್ನೆ ಕೇಳಿದರೆ, ಶಾಲೆಯ ವಿಳಾಸ, ಗಂಟೆಗಳು ಮತ್ತು ಸಂಬಳವನ್ನು ತಡವರಿಸದೆ ಹೇಳುವಂತಿರಬೇಕು.

ಮೊದಲ ವಾರಗಳು

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ದುಬೈ ಅಥವಾ ದೋಹಾ ಮೂಲಕ ವಾರ್ಸಾ ತಲುಪಿ, ಅಲ್ಲಿಂದ ರೈಲಿನಲ್ಲಿ ವುಚ್ ಫಾಬ್ರಿಚ್ನಾ ನಿಲ್ದಾಣಕ್ಕೆ ಹೋಗುವುದು ಅನುಕೂಲ. ಸುಮಾರು ಒಂದೂವರೆ ಗಂಟೆಯ ದಾರಿ. ಹಳಿಗಳೆಲ್ಲ ನೆಲದಡಿಯಲ್ಲಿರುವ ಈ ಹೊಸ ನಿಲ್ದಾಣ 2016ರಲ್ಲಿ ತೆರೆದದ್ದು.

ಮನೆಯನ್ನು ಭಾರತದಿಂದಲೇ ಹಣ ಕಳಿಸಿ ಹಿಡಿಯಬಾರದು. ಮೊದಲ ಎರಡು ವಾರಕ್ಕೆ ತಾತ್ಕಾಲಿಕ ಕೋಣೆ ಮಾಡಿಕೊಂಡು, ಓತೊದೊಮ್ ಅಥವಾ ಓಎಲ್‌ಎಕ್ಸ್ ತಾಣದಲ್ಲಿ ನೋಡಿ, ಕಣ್ಣಾರೆ ಕಂಡು ಒಪ್ಪಬೇಕು. ಜಾಹೀರಾತಿನ ಬಾಡಿಗೆಯ ಮೇಲೆ ಚಿನ್ಶ್ ಎಂಬ ಕಟ್ಟಡ ನಿರ್ವಹಣಾ ಶುಲ್ಕ, ಅದರ ಮೇಲೆ ವಿದ್ಯುತ್ ಮತ್ತು ಅನಿಲ, ಮುಂಗಡ ಠೇವಣಿಯಾಗಿ ಒಂದು ಅಥವಾ ಎರಡು ತಿಂಗಳ ಕೌತ್ಸ್ಯಾ ಸೇರುತ್ತವೆ. ಕವಲೆರ್ಕಾ ಎಂಬ ಒಂಟಿ ಕೋಣೆಯ ಮನೆಗೆ ಎಲ್ಲ ಸೇರಿ 2,000 ಝ್ಲೋಟಿ ದಾಟುವುದು ಸಾಮಾನ್ಯ. ಹಂಚಿಕೆಯ ಮನೆಯಲ್ಲಿ ಒಂದು ಕೋಣೆ ಅದರ ಅರ್ಧದಷ್ಟಕ್ಕೆ ಸಿಗಬಹುದು. ಹಳೆಯ ಕಟ್ಟಡಗಳಲ್ಲಿ ಬಿಸಿಯ ವ್ಯವಸ್ಥೆ ಏನೆಂದು ಕೇಳಲೇಬೇಕು: ನಗರದ ಕೇಂದ್ರೀಯ ಬಿಸಿನೀರಿನ ಜಾಲವಿದ್ದರೆ ನಿಶ್ಚಿಂತೆ, ವಿದ್ಯುತ್ ಹೀಟರ್ ಆದರೆ ಜನವರಿಯ ಬಿಲ್ಲು ಬಾಡಿಗೆಯನ್ನು ಅಣಕಿಸುತ್ತದೆ. ಇನ್ನು ನಾಯೆಮ್ ಒಕಾಜ್ಯೊನಾಲ್ನಿ ಎಂಬ ಬಾಡಿಗೆ ಕರಾರನ್ನು ಮಾಲೀಕರು ಕೇಳುವುದುಂಟು. ತೆರವಾಗಬೇಕಾದರೆ ಹೋಗಲು ಪೋಲೆಂಡಿನಲ್ಲೇ ಇನ್ನೊಂದು ವಿಳಾಸವಿದೆ ಎಂದು ಅದರಲ್ಲಿ ತೋರಿಸಬೇಕಾಗುತ್ತದೆ. ಹೊಸಬರಿಗೆ ಅಂಥ ವಿಳಾಸ ಎಲ್ಲಿಂದ ಬರಬೇಕು? ಅದನ್ನು ಬಿಟ್ಟು ಸಾಮಾನ್ಯ ಕರಾರಿಗೆ ಒಪ್ಪುವ ಮಾಲೀಕರನ್ನು ಹುಡುಕುವುದೇ ಸರಿ.

ವಿಳಾಸದ ನೋಂದಣಿಯನ್ನು ಐರೋಪ್ಯ ಒಕ್ಕೂಟದ ಹೊರಗಿನವರು ಬಂದ ನಾಲ್ಕನೆಯ ದಿನದೊಳಗೆ ಮಾಡಿಸಬೇಕೆಂದು ನಿಯಮ. 30 ದಿನಕ್ಕೂ ಮೀರಿದ ವಾಸಕ್ಕೆ ನೋಂದಾಯಿಸಿದರೆ ಪೆಸೆಲ್ ಎಂಬ ಗುರುತಿನ ಸಂಖ್ಯೆಯೂ ಜೊತೆಗೇ ಬರುತ್ತದೆ. ವೈದ್ಯರು, ತೆರಿಗೆ, ದೂರವಾಣಿ ಎಲ್ಲೆಲ್ಲೂ ಕೇಳುವುದು ಈ ಸಂಖ್ಯೆಯನ್ನೇ. ಉದ್ಯೋಗದಾತರು ಏಳು ದಿನದೊಳಗೆ ಸಾಮಾಜಿಕ ವಿಮಾ ಸಂಸ್ಥೆಯಾದ ಜುಸ್‌ನಲ್ಲಿ ಹೆಸರು ಸೇರಿಸಬೇಕು; ಸೇರಿಸಿದ್ದಾರೋ ಇಲ್ಲವೋ ಎಂಬುದನ್ನು ಜುಸ್‌ನ ತಾಣದಲ್ಲಿ ತಾವೇ ನೋಡಿಕೊಳ್ಳಬಹುದು, ನೋಡಿಕೊಳ್ಳಲೇಬೇಕು. ಟ್ರಾಮ್ ಮತ್ತು ಬಸ್ಸಿಗೆ ತಿಂಗಳ ಪಾಸು ಮಾಡಿಸಿ. ಈ ಊರಿನವರು ಅದನ್ನು ಮಿಗಾವ್ಕಾ ಎನ್ನುತ್ತಾರೆ. 2018ರಿಂದ ಬಹುತೇಕ ಭಾನುವಾರಗಳಲ್ಲಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ದಿನಸಿ ತರುವ ಅಭ್ಯಾಸವಾಗಬೇಕು.

ಹಣದ ಲೆಕ್ಕ

2026ರಲ್ಲಿ ಪೋಲೆಂಡಿನ ಕನಿಷ್ಠ ಮಾಸಿಕ ವೇತನ ಕಡಿತಕ್ಕೆ ಮುನ್ನ 4,806 ಝ್ಲೋಟಿ, ಸೇವಾ ಕರಾರಿನ ಕನಿಷ್ಠ ದರ ಗಂಟೆಗೆ 31.40 ಝ್ಲೋಟಿ. ಭಾಷಾಶಾಲೆಯ ದರ ಇದಕ್ಕಿಂತ ಮೇಲಿರುತ್ತದೆ, ಆದರೆ ಗಂಟೆಗಳು ಕಡಿಮೆ. ಗಂಟೆಗೆ 60 ಝ್ಲೋಟಿಯಂತೆ ವಾರಕ್ಕೆ 20 ಗಂಟೆ ಕಲಿಸಿದರೆ ತಿಂಗಳಿಗೆ 4,800. ವಿಮೆ ಮತ್ತು ತೆರಿಗೆ ಕಳೆದು ಕೈಗೆ ಬರುವುದು ಸುಮಾರು 3,600. ಒಂಟಿ ಮನೆ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಉಳಿತಾಯ ಮಾಡಿ ಊರಿಗೆ ಕಳಿಸುವ ಉದ್ದೇಶವಿರುವವರಿಗೆ ಈ ವೃತ್ತಿ ಸರಿಯಾದುದಲ್ಲ ಎಂದು ನೇರವಾಗಿಯೇ ಹೇಳಬೇಕು. ಡಿಸೆಂಬರ್ ಕೊನೆಯಲ್ಲಿ ಮತ್ತು ಫೆಬ್ರವರಿ ಸುಮಾರಿನ ಎರಡು ವಾರದ ಚಳಿಗಾಲದ ರಜೆಯಲ್ಲಿ ಸೇವಾ ಕರಾರಿನವರ ಆದಾಯ ಇನ್ನೂ ಇಳಿಯುತ್ತದೆ. ಅಕ್ಟೋಬರ್‌ನ ದುಡಿಮೆಯ ಹಣ ನವೆಂಬರ್ ಹತ್ತರ ಸುಮಾರಿಗೆ ಕೈಸೇರುವುದರಿಂದ, ಮುಂಗಡ ಮತ್ತು ಎರಡು ತಿಂಗಳ ಖರ್ಚಿಗೆಂದು ಕನಿಷ್ಠ 10,000 ಝ್ಲೋಟಿ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ತರಗತಿಯಲ್ಲಿ

ಪೋಲಿಷ್ ಭಾಷೆಯಲ್ಲಿ ಇಂಗ್ಲಿಷಿನ ಎ, ಆ್ಯನ್, ದಿ ಎಂಬ ಆರ್ಟಿಕಲ್‌ಗಳಿಲ್ಲ, ಕನ್ನಡದಲ್ಲೂ ಇಲ್ಲ. ಅವನ್ನು ಎಲ್ಲಿ ಬಳಸಬೇಕೆಂದು ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗೆ ಕಿವಿ ಹೇಳುತ್ತದೆ, ಏಕೆ ಎಂದು ವಿವರಿಸಲು ಅವರು ತಿಣುಕುತ್ತಾರೆ. ಆ ನಿಯಮಗಳನ್ನು ಒಂದೊಂದಾಗಿ ಕಲಿತು ಬಂದ ನಮ್ಮವರು ಇಲ್ಲಿ ಮೇಲುಗೈ ಸಾಧಿಸಬಹುದು. ಪ್ರೆಸೆಂಟ್ ಪರ್ಫೆಕ್ಟ್ ಕಾಲರೂಪವೂ ಪೋಲಿಷ್ ವಿದ್ಯಾರ್ಥಿಗಳ ಹಳೆಯ ತಲೆನೋವು. ಪದದ ಕೊನೆಯ ಘೋಷಾಕ್ಷರಗಳನ್ನು ಅವರು ಅಘೋಷವಾಗಿ ಉಚ್ಚರಿಸುವುದರಿಂದ ಬ್ಯಾಗ್ ಎಂಬುದು ಬ್ಯಾಕ್ ಎಂದು ಕೇಳಿಸುತ್ತದೆ. ವಯಸ್ಕರ ತರಗತಿಯಲ್ಲಿ ತಪ್ಪು ಮಾಡುವೆನೆಂಬ ಅಂಜಿಕೆ ದಟ್ಟವಾಗಿರುತ್ತದೆ. ಮೊದಲ ಹದಿನೈದು ನಿಮಿಷ ತಿದ್ದದೆ ಮಾತಾಡಿಸಿ, ಅನಂತರ ಹಲಗೆಯ ಮೇಲೆ ಹೆಸರಿಲ್ಲದೆ ತಪ್ಪುಗಳನ್ನು ಬರೆಯುವುದು ಪರಿಣಾಮಕಾರಿ. ಹೊಗಳಿಕೆಯನ್ನು ಅತಿಯಾಗಿ ಬಳಸಬಾರದು, ಪೋಲಿಷರಿಗೆ ಅದು ಹುಸಿಯೆನಿಸುತ್ತದೆ.

ಪೋಲಿಷ್ ಕಲಿಯುವುದು ಕಷ್ಟವೆಂಬ ಮಾತಿದೆ. ಅದರಲ್ಲಿ ಏಳು ವಿಭಕ್ತಿಗಳಿವೆ. ವಿಭಕ್ತಿ ಪ್ರತ್ಯಯಗಳ ಪರಿಚಯ ಮೊದಲೇ ಇರುವ ಕನ್ನಡಿಗರು ಇಂಗ್ಲಿಷರಷ್ಟು ಬೆದರಬೇಕಾಗಿಲ್ಲ. ವುಚ್ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗೆ ಪೋಲಿಷ್ ಕಲಿಸುವ ಕೇಂದ್ರ 1952ರಿಂದ ನಡೆಯುತ್ತಿದೆ, ಅಲ್ಲಿ ಒಂದು ಕೋರ್ಸು ಸೇರಿದರೆ ಕಚೇರಿಗಳ ಮುಂದೆ ನಿಲ್ಲುವಾಗಿನ ಅಸಹಾಯಕತೆ ಬಹಳ ಕಡಿಮೆಯಾಗುತ್ತದೆ.

ಎರಡನೆಯ ವರ್ಷಕ್ಕೆ

ವೀಸಾ ಮುಗಿಯುವ ಮುನ್ನವೇ ವಾಸ ಮತ್ತು ಕೆಲಸಕ್ಕೆ ಸೇರಿಸಿ ಕೊಡುವ ತಾತ್ಕಾಲಿಕ ಅನುಮತಿಗೆ ಪ್ರಾಂತೀಯ ಕಚೇರಿಗೆ ಅರ್ಜಿ ಸಲ್ಲಿಸಬೇಕು; ಅದು ಸಿಕ್ಕಮೇಲೆ ಬರುವುದು ಕಾರ್ತಾ ಪೊಬಿತು ಎಂಬ ಕಾರ್ಡ್. ತೀರ್ಮಾನಕ್ಕೆ ಅನೇಕ ತಿಂಗಳು ಹಿಡಿಯುತ್ತದೆ. ಜೂನ್‌ನಲ್ಲಿ ಮುಗಿಯುವ ಕರಾರನ್ನು ತೋರಿಸಿದರೆ ಅರ್ಜಿ ದುರ್ಬಲವಾಗುವುದರಿಂದ, ಮುಂದಿನ ಶಾಲಾ ವರ್ಷದ ಕರಾರನ್ನು ವಸಂತದಲ್ಲೇ ಕೈಗೆ ಪಡೆಯಲು ಶಾಲೆಯನ್ನು ಒತ್ತಾಯಿಸಬೇಕು. ಸಕಾಲದಲ್ಲಿ ಸರಿಯಾದ ಅರ್ಜಿ ಹಾಕಿದವರ ವಾಸ ತೀರ್ಮಾನದವರೆಗೆ ಕಾನೂನುಬದ್ಧ, ಆದರೆ ವೀಸಾ ಮುಗಿದ ಮೇಲೆ ಆ ಅರ್ಜಿಯ ಬಲದಿಂದ ಬರ್ಲಿನ್‌ಗೋ ಪ್ರಾಗ್‌ಗೋ ಹೋಗುವಂತಿಲ್ಲ. ಅದೇ ಅವಧಿಯಲ್ಲಿ ಊರಿಗೆ ಬರಲೇಬೇಕಾದರೆ ವಾರ್ಸಾದಿಂದ ಭಾರತಕ್ಕೆ ನೇರ ಹಾರುವ ವಿಮಾನವನ್ನೇ ಆರಿಸಿಕೊಳ್ಳಬೇಕು, ಮರಳಿ ಹೋಗಲು ಹೊಸ ವೀಸಾ ಬೇಕಾಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.